ಅಕ್ಕನ ಮದುವೆಗೆ ಐದು ಚೀಟಿ

ಅಕ್ಕನಿಗೆ ಐವತ್ತೆರಡು ತುಂಬಿದ ವರ್ಷ ಅವಳಿಗೊಂದು ಮದುವೆಯ ಮಾತು ಬಂತು. ಅದನ್ನು ಹೇಳಲು ಅವಳು ಕೊಚ್ಚಿ ಬಳಿಯ ತ್ರಿಪ್ಪುಣಿತ್ತುರದಿಂದ ಫೋನ್ ಮಾಡಿದಾಗ ನಾನು ಅಲ್ಲಿಂದ ನಾಲ್ಕು ಗಂಟೆ ರೈಲಿನ ದೂರದ ಕಳಕ್ಕೂಟಂನಲ್ಲಿ, ನಮ್ಮ ಕಚೇರಿಯ ಕ್ಯಾಂಟೀನಿನ ಸಾಲಿನಲ್ಲಿ ಖಾಲಿ ತಟ್ಟೆ ಹಿಡಿದು ನಿಂತಿದ್ದೆ. ಬುಧವಾರ ಇರಬೇಕು. ಯಾಕೆ ಬುಧವಾರ ಎಂದು ಕೇಳಿದರೆ ಹೇಳಲಾರೆ. ಇಂಥ ‘ಇರಬೇಕು’ಗಳು ಈ ಬರಹದಲ್ಲಿ ಇನ್ನೂ ಬರುತ್ತವೆ. ಅವನ್ನೆಲ್ಲ ತೆಗೆದುಹಾಕಲು ಹೊರಟರೆ ಹೆಚ್ಚೇನೂ ಉಳಿಯುವುದಿಲ್ಲ.

“ಎಲ್ಲಿದ್ದಿ?”

“ಊಟಕ್ಕೆ ನಿಂತಿದ್ದೇನೆ ಅಕ್ಕ.”

“ಹಾಗಾದ್ರೆ ಕೂತ ಮೇಲೆ ಹೇಳ್ತೇನೆ. ನಿಂತು ಕೇಳುವ ವಿಷಯ ಅಲ್ಲ.”

“ಹೇಳು, ಪರವಾಗಿಲ್ಲ.”

“ಸಾರ್ ಕೇಳಿದ್ರು.”

“ಎಂತ ಕೇಳಿದ್ರು?”

“ಎಂತ ಕೇಳ್ತಾರೆ ಮಾರಾಯ? ಎರಡು ವರ್ಷದಿಂದ ನನ್ನ ಒಟ್ಟಿಗೆ ಮೆಟ್ರೋ ಸ್ಟೇಷನ್ನಿಗೆ ನಡ್ಕೊಂಡು ಬಂದು, ಈಗ ಮೆಟ್ರೋದ ಟೈಮ್ ಕೇಳ್ತಾರಾ?”

ಸಾರ್ ಎಂದರೆ ಅವಳ ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರಾಗಿದ್ದು ನಿವೃತ್ತರಾದವರು. ಮಲಯಾಳಿ, ಬೇರೆ ಚರ್ಚ್ ಸಭೆಯವರು. ಹೆಂಡತಿ ತೀರಿ ಆರು ವರ್ಷವಾಗಿತ್ತು. ನಾನು ಅವರನ್ನು ಒಂದೇ ಸಲ, ಅಮ್ಮನನ್ನು ಮಣ್ಣು ಮಾಡಿದ ದಿನ ನೋಡಿದ್ದೆ. ಎಲ್ಲರೂ ಹೋದ ಮೇಲೂ ಉಳಿದು ಕುರ್ಚಿಗಳನ್ನು ಮಡಚಿ ಗೋಡೆಗೆ ಒರಗಿಸುತ್ತಿದ್ದರು.

ಒಳ್ಳೆಯದಾಯಿತು ಎಂದೆ. ಒಳ್ಳೆಯದೋ ಅಲ್ಲವೋ ತಾನಿನ್ನೂ ಹೇಳಿಲ್ಲವಲ್ಲ ಎಂದಳು. ಸೋಮವಾರ ಅವರಿಗೆ ಉತ್ತರ ಕೊಡಬೇಕು, ಅದಕ್ಕೆ ಮೊದಲು ನನ್ನನ್ನು ಒಂದು ಮಾತು ಕೇಳಬೇಕು, ಅದು ಫೋನಿನಲ್ಲಿ ಕೇಳುವಂಥದ್ದಲ್ಲ, ಶನಿವಾರ ಬಾ ಎಂದಳು. ಫೋನ್ ಇಟ್ಟುಬಿಟ್ಟಳು. ಅವಳು ಏನು ಕೇಳುತ್ತಾಳೆಂದು ನನಗೆ ಆಗಲೇ ತಿಳಿದಿತ್ತು. ಇಪ್ಪತ್ತೈದು ವರ್ಷಗಳಿಂದ ನಾನು ಕಾಯುತ್ತಿದ್ದ ಪ್ರಶ್ನೆ ಅದು.

ನಾವು ಮಂಗಳೂರು ಕಡೆಯ ಕನ್ನಡ ಮಾತನಾಡುವ ಕ್ರೈಸ್ತರು. ಮೀನುಗಾರಿಕೆಗೆ ಸಂಬಂಧಿಸಿದ ಒಂದು ಕೇಂದ್ರ ಕಚೇರಿಯಲ್ಲಿದ್ದ ಅಪ್ಪನಿಗೆ ಕೊಚ್ಚಿಗೆ ವರ್ಗವಾಯಿತು. ಅಪ್ಪ ಇಲ್ಲೇ ತೀರಿಕೊಂಡರು, ನಾವು ಇಲ್ಲೇ ಉಳಿದೆವು. ಆಗ ಫೋರ್ಟ್ ಕೊಚ್ಚಿಯಲ್ಲಿ ಬಾಡಿಗೆ ಮನೆ. ಭಾನುವಾರ ಮಲಯಾಳ ಆರಾಧನೆಗೆ ಹೋದರೂ, ವಾರಕ್ಕೊಮ್ಮೆ ಏಳೆಂಟು ಕನ್ನಡ ಕುಟುಂಬಗಳು ಯಾರದಾದರೂ ಮನೆಯಲ್ಲಿ ಸೇರಿ ಕನ್ನಡದಲ್ಲಿ ಪ್ರಾರ್ಥನೆ ಮಾಡುತ್ತಿದ್ದವು. ಅದನ್ನು ನಡೆಸುತ್ತಿದ್ದವರು ಒಬ್ಬ ನಿವೃತ್ತ ಹೆಡ್ ಕ್ಲಾರ್ಕು. ನಾವೆಲ್ಲ ಅವರನ್ನು ಹಿರಿಯರು ಎಂದೇ ಕರೆಯುತ್ತಿದ್ದೆವು.

ದೇವರ ಚಿತ್ತ ಎಂಬ ಮಾತನ್ನು ನಾನು ಮಗ್ಗಿಗಿಂತ ಮೊದಲು ಕಲಿತೆ. ಆಸ್ಪತ್ರೆಗೆ ಹೋಗುವುದು, ವರ್ಗಾವಣೆಗೆ ಅರ್ಜಿ ಹಾಕುವುದು, ಮಗಳನ್ನು ನರ್ಸಿಂಗಿಗೆ ಸೇರಿಸುವುದು ಯಾವುದೂ ಅದಿಲ್ಲದೆ ಆಗುತ್ತಿರಲಿಲ್ಲ. ಅದನ್ನು ತಿಳಿಯುವುದು ಹೇಗೆಂದು ಹಿರಿಯರು ಮೂರು ಬೆರಳೆತ್ತಿ ಹೇಳುತ್ತಿದ್ದರು: ದಿನವೂ ಓದುವ ಬೈಬಲ್ ವಾಕ್ಯ ಅದನ್ನು ಒಪ್ಪಬೇಕು, ಎದೆಯಲ್ಲಿ ಸಮಾಧಾನ ಇರಬೇಕು, ಸಂದರ್ಭ ತಾನಾಗಿ ಕೂಡಿಬರಬೇಕು. ಮೂರೂ ಸೇರದಿದ್ದರೆ ಹೆಜ್ಜೆ ಎತ್ತಬಾರದು.

ದೊಡ್ಡ ಪ್ರಶ್ನೆಗಳಿಗೆ ಇದು ಸಾಲುತ್ತಿರಲಿಲ್ಲ. ಮದುವೆಯಂಥ ವಿಷಯ ಬಂದರೆ ಐವರನ್ನು ಆರಿಸುತ್ತಿದ್ದರು. ಏಳು ದಿನ ಅವರು ಬೇರೆ ಬೇರೆಯಾಗಿ ಪ್ರಾರ್ಥಿಸಬೇಕು, ಪರಸ್ಪರ ಮಾತನಾಡಬಾರದು. ಏಳನೆಯ ದಿನ ಒಬ್ಬೊಬ್ಬರೂ ಚೀಟಿಯಲ್ಲಿ ಒಂದು ಪದ ಬರೆಯಬೇಕು. ಹೌದು, ಇಲ್ಲ, ಕಾಯಿರಿ, ಈ ಮೂರರಲ್ಲಿ ಒಂದು. ಹೆಸರು ಬರೆಯುವಂತಿಲ್ಲ. ಹಳೆಯ ಕ್ಯಾಲೆಂಡರಿನ ಹಿಂಬದಿಯನ್ನು ಒಂದೇ ಅಳತೆಗೆ ಕತ್ತರಿಸಿದ ಚೀಟಿಗಳು, ಎಲ್ಲರಿಗೂ ಒಂದೇ ಪೆನ್ಸಿಲ್. ಮಡಚಿ ಕಾಣಿಕೆ ಚೀಲಕ್ಕೆ ಹಾಕಬೇಕು. ಹಿರಿಯರು ತೆರೆದು ಓದಿ, ಎಲ್ಲವನ್ನೂ ಹರಿದು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಐದೂ ‘ಹೌದು’ ಆಗಿದ್ದರೆ ಮಾತ್ರ ಮುಂದುವರಿಯಬಹುದು. ಇನ್ನೊಂದು ನಿಯಮವಿತ್ತು. ಯಾರ ವಿಷಯವೋ ಅವರು ಚೀಟಿ ಬರೆಯುವಂತಿಲ್ಲ. ಆಸೆ ಇರುವವರಿಗೆ ತಮ್ಮ ಆಸೆಯೇ ದೇವರ ದನಿಯಾಗಿ ಕೇಳುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ಆ ಮಾತು ನನಗೆ ಈಗಲೂ ಸರಿಯೆನಿಸುತ್ತದೆ. ಬರೆಯುವ ಐವರಿಗೆ ಆಸೆಗಳಿಲ್ಲ ಎಂದು ಅವರು ಹೇಗೆ ನಂಬಿದರೋ ಅದು ಮಾತ್ರ ಗೊತ್ತಾಗುವುದಿಲ್ಲ.

ಅಕ್ಕನಿಗೆ ಇಪ್ಪತ್ತೇಳಾಗಿದ್ದಾಗ ಅವಳಿಗಾಗಿ ಚೀಟಿ ಬರೆದರು. ಅವಳು ಆಗ ಫೋರ್ಟ್ ಕೊಚ್ಚಿಯಿಂದ ದಿನವೂ ಬೋಟಿನಲ್ಲಿ ಎರ್ನಾಕುಳಂಗೆ ಪಾಠ ಮಾಡಲು ಹೋಗುತ್ತಿದ್ದಳು. ಅದೇ ಬೋಟಿನಲ್ಲಿ ಹೋಗುತ್ತಿದ್ದ, ಬಂದರಿನ ಕಚೇರಿಯಲ್ಲಿ ಕೆಲಸಕ್ಕಿದ್ದ ಒಬ್ಬರು ಅವಳನ್ನು ಕೇಳಿದ್ದರು. ಅವಳಿಗೂ ಮನಸ್ಸಿತ್ತು. ಅವರು ಮಲಯಾಳಿ, ಬೇರೆ ಸಭೆ. ಆದ್ದರಿಂದ ಪ್ರಶ್ನೆ ದೊಡ್ಡದಾಯಿತು. ಐವರು ಯಾರೆಂದರೆ ಹಿರಿಯರು, ಅವರ ಹೆಂಡತಿ, ಬ್ಯಾಂಕಿನಲ್ಲಿದ್ದ ಒಬ್ಬ ಮಾಮ, ನಮ್ಮ ಅಮ್ಮ, ಮತ್ತು ನಾನು. ನನಗೆ ಇಪ್ಪತ್ತಮೂರು. ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಓದುತ್ತಿದ್ದೆ. ನಂಬಿಕೆ ಎರಡು ವರ್ಷಗಳ ಹಿಂದೆಯೇ ಹೋಗಿತ್ತು, ಅಮ್ಮನಿಗೆ ಹೇಳಿರಲಿಲ್ಲ ಅಷ್ಟೆ.

ಏಳನೆಯ ದಿನ ಆರಾಧನೆ ಮುಗಿದ ಮೇಲೆ ಹಿರಿಯರ ಮನೆಯಲ್ಲಿ ಚೀಟಿ ತೆರೆದರು. ನಾಲ್ಕು ಹೌದು, ಒಂದು ಇಲ್ಲ.

ಅಕ್ಕ ಅಳಲಿಲ್ಲ. ಬೋಟಿನ ಮನುಷ್ಯನಿಗೆ ತಾನೇ ಹೇಳಿದಳು. ಅವರು ಒಂದು ವರ್ಷ ಕಾದು ಬೇರೆ ಮದುವೆಯಾಗಿ ಗಲ್ಫಿಗೆ ಹೋದರು. ಆಮೇಲೆ ಬಂದ ಎರಡು ಮೂರು ಸಂಬಂಧಗಳಿಗೆ ಅವಳು, ಸಮಾಧಾನ ಇಲ್ಲ, ಎಂದಳು. ನಮ್ಮವರಲ್ಲಿ ಆ ಮಾತು ಬಂದರೆ ಯಾರೂ ಮುಂದೆ ಕೇಳುವುದಿಲ್ಲ.

ಶನಿವಾರ ಬೆಳಗಿನ ರೈಲಿನಲ್ಲಿ ನಾನು ಇದನ್ನೆಲ್ಲ ಮತ್ತೆ ಜೋಡಿಸುತ್ತ ಕೂತೆ. ಸಮೀಕ್ಷೆಗಳ ಉತ್ತರಗಳನ್ನು ಶೋಧಿಸುವುದು ನನ್ನ ಕೆಲಸ. ಜನ ತಮ್ಮ ಬಗ್ಗೆ ತಾವೇ ಹೇಳಿದ್ದನ್ನು ಎಷ್ಟು ನಂಬಬಹುದು ಎಂದು ನೋಡುವುದಕ್ಕೆ ನನಗೆ ಸಂಬಳ. ಹಿಡಿದ ಕೆಲಸಗಳಲ್ಲಿ ಇದು ಆರನೆಯದು, ಮನೆ ಬದಲಿಸಿದ್ದು ಅದಕ್ಕಿಂತ ಹೆಚ್ಚು. ಹೆಂಡತಿ ಮಲಯಾಳಿ. ಮಗಳು ನನ್ನ ಕನ್ನಡಕ್ಕೆ ಮಲಯಾಳದಲ್ಲಿ ಉತ್ತರಿಸುತ್ತಾಳೆ. ನನ್ನ ಮನೆಮಾತು ಉಳಿದಿರುವುದು ಅಕ್ಕನ ಜೊತೆ ಮಾತ್ರ. ಅವಳು ಮುನಿಸಿಕೊಂಡರೆ ನನಗೆ ಕನ್ನಡದಲ್ಲಿ ಬೈಯುವವರೂ ಇರುವುದಿಲ್ಲ ಎಂಬ ಯೋಚನೆ ಕೊಲ್ಲಂ ದಾಟುವ ಹೊತ್ತಿಗೆ ಬಂದು ಕೂತಿತು.

ಅಕ್ಕ ಅಡುಗೆಮನೆಯ ಮೇಜಿನ ಮೇಲೆ ಪೇಪರ್ ಹಾಸಿ ಸಾಂಬ್ರಾಣಿ ಗೆಡ್ಡೆ ಸುರಿದಿದ್ದಳು. ಇಲ್ಲಿನವರು ಕೂರ್ಕ ಅನ್ನುವ, ಗೋಲಿಗಿಂತ ಸ್ವಲ್ಪ ದೊಡ್ಡದಾದ ಗೆಡ್ಡೆ. ಸಿಪ್ಪೆ ತೆಗೆಯುವುದು ರಗಳೆ, ಬೆರಳೆಲ್ಲ ಕಪ್ಪಾಗುತ್ತದೆ. ಅಮ್ಮ ಗೋಣಿಯಲ್ಲಿ ಹಾಕಿ ಉಜ್ಜುತ್ತಿದ್ದರು.

“ಬ್ಯಾಗ್ ಅಲ್ಲಿಡು, ಕೈ ತೊಳೆದು ಒಂದು ಚೂರಿ ತಕ್ಕೊ,” ಎಂದಳು. “ಮಾತಾಡ್ಲಿಕ್ಕೆ ಕೈಗೆ ಕೆಲಸ ಇದ್ರೆ ಒಳ್ಳೇದು.”

ಇಬ್ಬರೂ ಹೆರೆಯಲು ಕೂತೆವು. ಅವಳು ಮೊದಲು ಬೇರೆಲ್ಲ ಹೇಳಿದಳು. ಸಾರ್‌ ಅವರ ಮಗ ಕೋಟ್ಟಯಂನಲ್ಲಿದ್ದಾನೆ, ಅವನಿಗೆ ಒಪ್ಪಿಗೆಯಂತೆ. ಸಾರ್‌ಗೆ ಸಕ್ಕರೆ ಕಾಯಿಲೆ ಇದೆ. ಮಾತು ಕಡಿಮೆ, ಗೊರಕೆ ಇದೆಯೋ ಇಲ್ಲವೋ ಕೇಳುವ ಹಾಗಿಲ್ಲ.

“ಸಭೆಯಲ್ಲಿ ಯಾರನ್ನಾದ್ರೂ ಕೇಳಿದ್ಯಾ?” ಎಂದೆ.

“ಅಚ್ಚನ್‌ರನ್ನು ಕೇಳಿದೆ.” ಅವಳ ಸಭೆಗೆ ಹೊಸದಾಗಿ ಬಂದ ಪಾದ್ರಿ, ಮೂವತ್ತು ಕೂಡ ಆಗದವರು. “ದೇವರ ಚಿತ್ತ ಹೇಗೆ ಗೊತ್ತಾಗ್ತದೆ ಅಂತ ಕೇಳಿದೆ. ಅವರು ನಕ್ಕರು. ಟೀಚರೇ, ದೇವರು ಉತ್ತರ ಅಡಗಿಸಿಟ್ಟು ಪರೀಕ್ಷೆ ಮಾಡುವ ಮಾಸ್ತರಲ್ಲ ಅಂದ್ರು. ಕೆಟ್ಟದ್ದು ಯಾವುದು ಅಂತ ಹೇಳಿದ್ದಾನೆ, ಅದನ್ನು ಬಿಟ್ಟು ಉಳಿದದ್ದರಲ್ಲಿ ಬುದ್ಧಿ ಉಪಯೋಗಿಸಿ ಇಷ್ಟ ಬಂದದ್ದು ಆರಿಸ್ಕೊಳ್ಳಿ, ಯಾವುದನ್ನು ಆರಿಸಿದ್ರೂ ಅವನು ಒಟ್ಟಿಗೆ ಬರ್ತಾನೆ ಅಂದ್ರು.”

“ಒಳ್ಳೆ ಮಾತಲ್ವಾ?”

“ಒಳ್ಳೆ ಮಾತು. ಆ ಪ್ರಾಯಕ್ಕೆ ಒಳ್ಳೇದೇ.” ಅವಳು ಒಂದು ಗೆಡ್ಡೆಯನ್ನು ನೀರಿಗೆ ಹಾಕಿದಳು. “ಅವರು ಹೇಳಿದ್ದು ಸರಿಯಾದ್ರೆ, ನಾನು ಇಪ್ಪತ್ತೈದು ವರ್ಷ ಎಂತ ಪಾಲಿಸಿದ್ದು? ಅದನ್ನು ಕೇಳ್ಲಿಕ್ಕೆ ಹೋಗ್ಲಿಲ್ಲ. ಪಾಪ, ಅವರಿಗೆ ಒಂದು ಬ್ಯಾಪ್ಟಿಸಮ್ ಇತ್ತು.”

ಆಮೇಲೆ ಅವಳು ಅಮ್ಮನ ವಿಷಯಕ್ಕೆ ಬಂದಳು. ಅಮ್ಮ ಪಾರ್ಶ್ವವಾಯು ಬಡಿದು ಹನ್ನೊಂದು ವರ್ಷ ಇದೇ ಮನೆಯಲ್ಲಿ ಮಲಗಿದ್ದರು. ಕೊನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ಅಕ್ಕ ತಲೆ ಬಾಚುತ್ತಿರುವಾಗ, ಯಾರೂ ಕೇಳದೆಯೇ, ಆ ದಿನ ನಾನು ಹೌದು ಅಂತಲೇ ಬರೆದದ್ದು, ಎಂದರಂತೆ.

“ಆ ‘ಇಲ್ಲ’ ಅಮ್ಮನದ್ದು ಅಂತ ನಾನು ನಂಬಿದ್ದೆ,” ಎಂದಳು ಅಕ್ಕ. “ಮತ್ತೆ ಯಾರದ್ದು? ಅಪ್ಪ ಇಲ್ಲ, ನಾನೂ ಹೋದ್ರೆ ಅವರು ಎಂತ ಮಾಡ್ಬೇಕು ಅಂತ ಹೆದರಿ ಬರೆದದ್ದು ಅಂತ. ಹನ್ನೊಂದು ವರ್ಷ ಮೈ ಒರೆಸಿದ್ದೇನೆ, ದಿನಾ ಮನಸ್ಸಿನಲ್ಲಿ ಕ್ಷಮಿಸಿದ್ದೇನೆ, ಕ್ಷಮಿಸಿದ್ದೇನೆ ಅಂತ ಹೇಳ್ಕೊಂಡು. ಅವರು ಎಂತ ಮಾಡಿದ್ರು ಅಂತ ಕ್ಷಮಿಸಿದ್ದು ನಾನು?”

ನಾನು ಕೈಯಲ್ಲಿದ್ದ ಗೆಡ್ಡೆಯನ್ನು ಬೇಕಾದ್ದಕ್ಕಿಂತ ಹೆಚ್ಚು ಹೆರೆದೆ. ಕಡಲೆಯಷ್ಟು ಉಳಿಯಿತು.

“ಹಿರಿಯರು ಹೋದ್ರು, ಅವರ ಹೆಂಡತಿ ಹೋದ್ರು. ಬ್ಯಾಂಕ್ ಮಾಮನಿಗೆ ಈಗ ತನ್ನ ಹೆಸರೇ ನೆನಪಿಲ್ಲವಂತೆ. ಉಳಿದದ್ದು ನೀನು. ನೀನು ಎಂತ ಬರೆದದ್ದು?”

“ಈಗ ಅದು ಗೊತ್ತಾಗಿ ಏನು?”

“ಏನು ಅಂದ್ರೆ? ಅದು ದೇವರದ್ದಾದ್ರೆ, ನನ್ನನ್ನು ಒಬ್ಬಳೇ ಇಟ್ಟದ್ದು ಅವನು ಅಂತಾಯ್ತು. ಇಷ್ಟು ವರ್ಷ ಹಾಗೇ ಇದ್ದೇನೆ, ಇನ್ನು ಉಳಿದದ್ದೂ ಹಾಗೇ ಇರ್ತೇನೆ, ಸಾರ್‌ಗೆ ಬೇಡ ಅಂತೇನೆ. ಅದು ಯಾರದ್ದೋ ಕೈ ಆದ್ರೆ, ನಾನು ಉತ್ತರ ಹೇಳ್ಬಹುದು. ಅಷ್ಟೇ. ನಿನ್ನದಾ, ಅಲ್ವಾ?”

ಹೌದು, ನನ್ನದೇ, ಎಂದುಬಿಟ್ಟರೆ ಮುಗಿಯುತ್ತಿತ್ತು. ಅವಳು ಬಿಡುಗಡೆಯಾಗುತ್ತಿದ್ದಳು, ನಾನು ಸ್ವಲ್ಪ ದಿನ ಬೈಗುಳ ತಿನ್ನುತ್ತಿದ್ದೆ. ಬಹುಶಃ ಅದು ಸತ್ಯವೂ ಆಗಿತ್ತು. ಇಷ್ಟು ವರ್ಷ ಆ ‘ಇಲ್ಲ’ ನನ್ನದೆಂದೇ ನಾನು ನಂಬಿದ್ದೆ. ಬಾಯಿ ತೆರೆದಾಗ, ಅದು ನನಗೆ ನಿಜವಾಗಿ ಗೊತ್ತಿಲ್ಲ ಎಂಬುದು ಹೊಳೆಯಿತು. ಗೊತ್ತಿಲ್ಲದ್ದನ್ನು ಗೊತ್ತಿರುವಂತೆ ಒಮ್ಮೆ ಬರೆದುಕೊಟ್ಟದ್ದಕ್ಕೇ ಅಲ್ಲವೇ ನಾವು ಇಲ್ಲಿ ಕೂತಿದ್ದದ್ದು.

“ನಾನು ಪ್ರಾರ್ಥನೆ ಮಾಡಿರಲಿಲ್ಲ ಅಕ್ಕ,” ಎಂದೆ. “ಏಳು ದಿನದಲ್ಲಿ ಒಂದು ದಿನವೂ.”

“ಅದು ಗೊತ್ತುಂಟು. ಕಣ್ಣು ಮುಚ್ಚಿ ನಿದ್ದೆ ಮಾಡುವವರು ಯಾರು, ಪ್ರಾರ್ಥನೆ ಮಾಡುವವರು ಯಾರು ಅಂತ ಇಪ್ಪತ್ತೆಂಟು ವರ್ಷ ಮಕ್ಕಳನ್ನು ನೋಡಿದ್ದೇನೆ. ಮುಂದೆ ಹೇಳು.”

ಹೇಳಿದೆ. ಆ ಭಾನುವಾರ ಆರಾಧನೆಗೆ ಮೊದಲು ನಾನು ಬೋಟಿನ ಕಡವಿನ ಬಳಿ ಹೋಗಿ ಕಟ್ಟೆಯ ಮೇಲೆ ಕೂತೆ. ಹೌದೆಂದು ಬರೆಯುವುದಕ್ಕೂ ಇಲ್ಲವೆಂದು ಬರೆಯುವುದಕ್ಕೂ ನನಗೆ ಆಧಾರವಿರಲಿಲ್ಲ. ದೇವರಿಲ್ಲ ಎಂದುಕೊಂಡವನು ದೇವರ ಚಿತ್ತ ಹೇಗೆ ಬರೆಯಬೇಕು? ಹಾಗಿದ್ದರೆ ಆಕಸ್ಮಿಕಕ್ಕೆ ಬಿಡುವುದೇ ಪ್ರಾಮಾಣಿಕ ಎಂದು ತೀರ್ಮಾನಿಸಿದೆ. ಅಪೊಸ್ತಲರೂ ತಮಗೊಬ್ಬ ಜೊತೆಗಾರನನ್ನು ಆರಿಸಲು ಚೀಟಿ ಎತ್ತಿದವರೇ ಎಂದು ಸಮಾಧಾನ ಹೇಳಿಕೊಂಡೆ. ಎದುರಿಗೆ ನೀರು. ಎರ್ನಾಕುಳಂನಿಂದ ಪ್ರಯಾಣಿಕರ ಬೋಟ್ ಬರುತ್ತಿತ್ತು. ಆಚೆ ದಡದ ವೈಪಿನ್‌ನಿಂದ ಜಂಗಾರ್, ಅಂದರೆ ಲಾರಿ ಸ್ಕೂಟರುಗಳನ್ನು ದಾಟಿಸುವ ಚಪ್ಪಟೆ ದೋಣಿ. ಗಂಟೆ ಒಂಬತ್ತಾದ ಮೇಲೆ ಯಾವುದು ಮೊದಲು ದಡ ಮುಟ್ಟುತ್ತದೋ ಅದರಂತೆ ಬರೆಯುವುದು ಎಂದು ಗೊತ್ತುಮಾಡಿಕೊಂಡೆ.

ಅಕ್ಕ ಚೂರಿ ಕೆಳಗಿಟ್ಟಳು. “ಯಾವುದು ಬಂತು?”

“ಜಂಗಾರ್ ಬಂದದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಆದರೆ ಆ ಚಿತ್ರದಲ್ಲಿ ಬರುವುದು ಜಂಗಾರ್ ಬದಲಿಗೆ ಈಗ ಓಡುವ ದೊಡ್ಡ ರೋ-ರೋ ಹಡಗು. ಅದರ ಮಹಡಿ, ಅದರ ಕಂಬಿ, ಎಲ್ಲ ಇದೆ. ಅದು ಬಂದದ್ದು ಎಷ್ಟೋ ವರ್ಷದ ನಂತರ. ಅಂದರೆ ನಾನು ನೋಡಿದ್ದು ನೆನಪಲ್ಲ. ಆಮೇಲೆ ಯಾವಾಗಲೋ ನಾನೇ ಬರೆದುಕೊಂಡದ್ದು.”

“ಚೀಟಿಯಲ್ಲಿ ಬರೆದದ್ದು ಎಂತ ಅಂತ?”

“ಅದೂ ನೆನಪಿಲ್ಲ. ಹಿರಿಯರು ‘ಇಲ್ಲ’ ಅಂತ ಓದಿದಾಗ ನಾನು ತಲೆ ತಗ್ಗಿಸಿದ್ದು ನೆನಪಿದೆ. ನನ್ನದೇ ಅಂತ ತಗ್ಗಿಸಿದೆನೋ, ನಿನ್ನ ಮುಖ ನೋಡಲಾರದೆ ತಗ್ಗಿಸಿದೆನೋ ಹೇಳಲಿಕ್ಕಾಗುವುದಿಲ್ಲ.”

ಅವಳು ಚೂರಿ ಮತ್ತೆ ಎತ್ತಿಕೊಂಡಳು. ಪಕ್ಕದ ಮನೆಯ ಮಿಕ್ಸಿ ಶುರುವಾಗಿ ನಿಂತಿತು.

“ಯಾವುದಕ್ಕೆ ಯಾವುದು ಇಟ್ಟಿದ್ದೆ?”

“ಏನು?”

“ಹೌದು ಅಂದ್ರೆ ಯಾವುದು, ಇಲ್ಲ ಅಂದ್ರೆ ಯಾವುದು?”

ಇದೊಂದು ನನಗೆ ಸಂಶಯವಿಲ್ಲದೆ ನೆನಪಿತ್ತು. “ಬೋಟ್ ಬಂದರೆ ಹೌದು. ನೀವಿಬ್ಬರೂ ಹೋಗುತ್ತಿದ್ದ ಬೋಟ್ ಅಲ್ಲವಾ, ಅದಕ್ಕೆ. ಜಂಗಾರ್ ಬಂದರೆ ಇಲ್ಲ.”

ಅಕ್ಕ ನಕ್ಕಳು. ಖುಷಿಯ ನಗುವಲ್ಲ. ಉತ್ತರಪತ್ರಿಕೆಯಲ್ಲಿ ನಕಲು ಸಿಕ್ಕಿದಾಗ ಶಿಕ್ಷಕರು ನಗುವ ನಗು.

“ಐದು ವರ್ಷ ಆ ಕಡವಿನಲ್ಲಿ ಕಾದಿದ್ದೇನೆ ನಾನು. ಒಂದು ಬೋಟ್ ಬರುವಷ್ಟರಲ್ಲಿ ಮೂರು ಜಂಗಾರ್ ಬಂದು ಹೋಗ್ತಿತ್ತು. ಭಾನುವಾರ ಬೋಟ್ ಇನ್ನೂ ಕಡಿಮೆ. ನೀನು ಸ್ಟ್ಯಾಟಿಸ್ಟಿಕ್ಸ್ ಅಲ್ವಾ ಮಾರಾಯ ಓದಿದ್ದು?”

ಬೇರೆಯವರ ಮಾದರಿಗಳು ಎಲ್ಲಿ ಒಂದು ಕಡೆಗೆ ವಾಲಿವೆಯೆಂದು ಹುಡುಕಿ ಕೆಂಪು ಗುರುತು ಹಾಕುವವನು ನಾನು. ಆ ಕಟ್ಟೆಯ ಮೇಲೆ ಕೂತದ್ದನ್ನು ನೂರಾರು ಸಲ ನೆನೆಸಿದ್ದೇನೆ. ಈ ಸರಳ ಲೆಕ್ಕ ಒಂದು ಸಲವೂ ಕಂಡಿರಲಿಲ್ಲ. ಕಂಡಿರಲಿಲ್ಲವೋ, ನೋಡಿರಲಿಲ್ಲವೋ. ಆ ಊರಿನಲ್ಲೇ ಬೆಳೆದ ನನಗೆ ಬೋಟು ಎಷ್ಟು ಹೊತ್ತಿಗೊಂದು ಎಂದು ಗೊತ್ತಿಲ್ಲದೆ ಇರಲು ಸಾಧ್ಯವಿರಲಿಲ್ಲ.

“ನಿನ್ನ ಡೆಲ್ಲಿಯ ಪಿಎಚ್‌ಡಿ ಸೀಟಿನ ಕಾಗದ ಬಂದದ್ದು ಯಾವಾಗ?” ಎಂದಳು. ದನಿ ಏರಿರಲಿಲ್ಲ.

“ಅದೇ ತಿಂಗಳು.”

“ಅಮ್ಮನಿಗೆ ಹೇಳಿದ್ದು?”

“ಚೀಟಿ ಆದ ಮೇಲೆ.”

ಅವಳು ಮದುವೆಯಾಗಿ ಹೋಗಿದ್ದರೆ ಅಮ್ಮನ ಜೊತೆ ನಾನು ಉಳಿಯಬೇಕಾಗುತ್ತಿತ್ತು. ಅದನ್ನು ನಾನು ಆಗ ಯೋಚಿಸಿದ ನೆನಪಿಲ್ಲ. ನೆನಪಿಲ್ಲ ಎಂಬುದಕ್ಕೆ ಅಲ್ಲಿ ಏನೂ ಬೆಲೆ ಇರಲಿಲ್ಲ. ಡೆಲ್ಲಿಗೆ ಹೋದೆ, ಎರಡು ವರ್ಷ ತುಂಬುವ ಮೊದಲೇ ಸಂಶೋಧನೆ ಬಿಟ್ಟು ಇನ್ನೊಂದು ಊರಿಗೆ ಹೋದೆ. ಅಷ್ಟಕ್ಕಾಗಿ.

“ಚೀಟಿ ನನ್ನದೋ ಅಲ್ಲವೋ ಹೇಳಲಾರೆ,” ಎಂದೆ. “ನೀನು ಹೋಗಬಾರದು ಅಂತ ನನಗಿತ್ತು. ಅಷ್ಟು ಮಾತ್ರ ಖಂಡಿತ.”

ಅವಳು ಎದ್ದು ಗೆಡ್ಡೆಯ ಪಾತ್ರೆಯ ನೀರು ಬದಲಿಸಿದಳು. ಎರಡು ಸಲ ಬದಲಿಸಿದಳು. ಬೆನ್ನು ತಿರುಗಿಸಿಯೇ ಮಾತನಾಡಿದಳು.

“ನಂಗೆ ಬೇಜಾರಾಗಿರುವುದು ಎಂತಕ್ಕೆ ಗೊತ್ತುಂಟಾ? ನೀವು ಐದು ಜನ. ಒಬ್ಬರಿಗೆ ಹೆದರಿಕೆ ಇತ್ತೋ ಏನೋ, ಒಬ್ಬರಿಗೆ ಡೆಲ್ಲಿ ಇತ್ತು, ಒಬ್ಬರಿಗೆ ಮಲಯಾಳಿಗಳನ್ನು ಕಂಡರೆ ಆಗ್ತಿರಲಿಲ್ಲ. ನಿಮಗೆಲ್ಲ ಪೆನ್ಸಿಲ್ ಕೊಟ್ಟರು. ನನಗೆ ಆಸೆ ಉಂಟು ಅಂತ ನನಗೆ ಕೊಡ್ಲಿಲ್ಲ. ಆ ಏಳು ದಿನ ನಿಜವಾಗಿ ಪ್ರಾರ್ಥನೆ ಮಾಡಿದ್ದು ನಾನೊಬ್ಬಳೇ ಇರ್ಬೇಕು.”

“ಆಗ ನಿನಗೆ ಏನು ಉತ್ತರ ಬಂದಿತ್ತು?”

“ಅದನ್ನು ಈಗ ಕೇಳ್ತೀಯಾ?” ಎಂದಳು. ಆಮೇಲೆ, “ಮರೆತೆ. ಯಾರೂ ಕೇಳದ್ದನ್ನು ಎಷ್ಟು ವರ್ಷ ಅಂತ ನೆನಪಿಟ್ಟುಕೊಳ್ಳುದು,” ಎಂದಳು.

ನಂತರ ಅವಳು ಗೋಡೆಯ ಗಡಿಯಾರ ನೋಡಿದಳು. ಒಂದೂವರೆಗೆ ನಿನಗೆ ರೈಲುಂಟು, ಹೊರಡು ಎಂದಳು. ಊಟದ ಹೊತ್ತು. ಸಾಂಬ್ರಾಣಿ ಇನ್ನೂ ಒಲೆ ಏರಿರಲಿಲ್ಲ. ಸಾರ್‌ಗೆ ಏನು ಹೇಳುತ್ತಿ ಎಂದು ಕೇಳಿದೆ. ಅದು ಸಾರ್‌ಗೆ ಮೊದಲು ಗೊತ್ತಾಗಲಿ ಎಂದಳು. ಬಾಗಿಲ ತನಕ ಬಂದಳು, ಗೇಟಿನ ತನಕ ಬರಲಿಲ್ಲ.

ರೈಲಿನಲ್ಲಿ ಕಿಟಕಿಯ ಕಂಬಿ ಹಿಡಿದಾಗ ನನ್ನ ಬೆರಳುಗಳು ಕಪ್ಪಾಗಿಯೇ ಇದ್ದವು. ಎದುರಿಗಿದ್ದ ಹೆಂಗಸು ಅದನ್ನು ನೋಡಿ, ಕೂರ್ಕಯಾಣೋ, ಎಂದು ನಗುತ್ತ ಕೇಳಿದರು. ಕೂರ್ಕವೇ ಎಂದು ತಲೆಯಾಡಿಸಿದೆ. ಎಣ್ಣೆ ಹಚ್ಚಿ ತೊಳೆಯಬೇಕೆಂದು ಹೇಳಿದರು. ಹಸಿವಾಗಿತ್ತು. ಏನನ್ನೂ ಕೊಳ್ಳಲಿಲ್ಲ. ಅದೊಂದು ಶಿಕ್ಷೆಯಂತೆ ನನಗೆ ನಾನೇ ವಿಧಿಸಿಕೊಂಡು, ಅಂಥ ಶಿಕ್ಷೆ ಎಷ್ಟು ಅಗ್ಗದ್ದೆಂದು ನಾಚಿಕೊಂಡು, ವರ್ಕಲದಲ್ಲಿ ಎರಡು ಪಳಂಪೊರಿ ತಿಂದೆ. ಬಾಳೆಹಣ್ಣಿನ ಬಜ್ಜಿ ತಣ್ಣಗಾಗಿತ್ತು.

ಸೋಮವಾರ ಫೋನ್ ಬರಲಿಲ್ಲ. ಗುರುವಾರ ಬಂತು.

“ಸಾರ್‌ಗೆ ಆಗ್ಬಹುದು ಅಂತ ಹೇಳಿದೆ,” ಎಂದಳು.

“ಸಮಾಧಾನ ಬಂತಾ?” ನಾನು ಅಣಕಿಸಿದ್ದಲ್ಲ. ನಮ್ಮ ಮನೆಯಲ್ಲಿ ಕೇಳುವ ಮೊದಲ ಪ್ರಶ್ನೆಯೇ ಅದು, ನಂಬಿಕೆ ಹೋದರೂ ಬಾಯಿಗೆ ಬರುತ್ತದೆ.

“ಇಲ್ಲ. ಮೂರು ದಿನ ಬರೀ ಹೆದರಿಕೆ ಇತ್ತು. ಈಗಲೂ ಉಂಟು. ಸಮಾಧಾನ ಬರ್ಲಿ ಅಂತ ಇನ್ನು ಕಾದ್ರೆ ನನಗೆ ಎಪ್ಪತ್ತಾಗ್ತದೆ, ಸಾರ್‌ಗೆ ಎಂಬತ್ತು. ಪ್ರಾರ್ಥನೆ ಮಾಡಿದೆ. ನೀನು ಬೇಡ ಅಂತ ಇದ್ರೆ ತಡಿ, ಇಲ್ಲದಿದ್ರೆ ನಾನು ಹೋಗ್ತೇನೆ ಅಂತ ಹೇಳಿದೆ. ಹೇಳಿದ್ದು ನಾನು. ಕೇಳಿದ್ದಲ್ಲ.”

“ಅದು ನಿನ್ನ ಅಚ್ಚನ್ ಹೇಳಿದ್ದೇ ಅಲ್ಲವಾ?”

“ಅವರು ಸುಲಭದಲ್ಲಿ ಹೇಳಿದ್ರು,” ಎಂದಳು. “ನಂಗೆ ಅಷ್ಟು ಸುಲಭ ಆಗ್ಲಿಲ್ಲ.”

ಆಗಿನ ಆ ‘ಇಲ್ಲ’ ದೇವರದೋ ನನ್ನದೋ ಎಂಬುದು ಏನಾಯಿತು ಎಂದು ನಾನು ಕೇಳಲಿಲ್ಲ. ಅವಳೇ ಹೇಳಿದಳು. ಬೋಟಿನವರನ್ನು ಬಿಟ್ಟದ್ದಕ್ಕೆ ನನಗೆ ಅಮ್ಮನ ಹನ್ನೊಂದು ವರ್ಷ ಸಿಕ್ಕಿತು, ಅದು ಯಾರ ಕೈಯಿಂದ ಬಂದಿದ್ದರೂ ಈಗ ಹಿಂದೆ ಕೊಡಲಿಕ್ಕೆ ಆಗುವುದಿಲ್ಲ, ನಿನ್ನನ್ನು ಕ್ಷಮಿಸಲಿಕ್ಕೆ ಅವಸರವೂ ಇಲ್ಲ ಎಂದಳು. ಅಮ್ಮನನ್ನು ಬೇಗ ಬೇಗ ಕ್ಷಮಿಸಿ ಒಮ್ಮೆ ಮೋಸ ಹೋಗಿದ್ದೇನೆ, ಈ ಸಲ ನಿಧಾನ ಎಂದಳು.

ಇಷ್ಟನ್ನು ಬರೆದು, ಬರೆದದ್ದನ್ನು ಕಳೆದ ವಾರ ಅವಳಿಗೆ ಫೋನಿನಲ್ಲಿ ಓದಿದೆ. ಅವಳ ಕಥೆ, ಅವಳ ಒಪ್ಪಿಗೆ ಬೇಕಿತ್ತು. ಅವಳು ನಡುವೆ ತಡೆಯದೆ ಕೇಳಿದಳು. ಸಾರ್‌ಗೆ ಸಕ್ಕರೆ ಕಾಯಿಲೆ ಇರುವುದನ್ನು ಹಾಕುವ ಅಗತ್ಯವಿರಲಿಲ್ಲ ಎಂದಳು. ಗೊರಕೆಯ ಮಾತನ್ನು ತಾನು ಆಡಿಯೇ ಇಲ್ಲ ಎಂದಳು.

“ಇನ್ನೇನು ತಪ್ಪಿದೆ?” ಎಂದೆ.

“ನಾನು ನಿನ್ನನ್ನು ಊಟ ಇಲ್ಲದೆ ಕಳಿಸಿದ್ದು ಅಂತ ಬರೆದಿದ್ದಿ.”

“ಕಳಿಸಿದೆಯಲ್ಲ.”

“ಎಲ್ಲಿ ಕಳಿಸಿದೆ? ಕುಕ್ಕರ್ ಇಟ್ಟಿದ್ದೆ. ತಟ್ಟೆ ತೆಗೆದು ಮೇಜಿನ ಮೇಲಿಟ್ಟಿದ್ದೆ, ಎರಡು ತಟ್ಟೆ. ರೈಲಿಗೆ ಹೊತ್ತಾಯ್ತು ಅಂತ ಎದ್ದು ಹೋದದ್ದು ನೀನು. ಬಾಗಿಲಲ್ಲಿ ನಿಂತು ಕರೆದೆ ಕೂಡ, ನೀನು ತಿರುಗಲಿಲ್ಲ.”

ನನ್ನ ತಲೆಯಲ್ಲಿ ಗೋಡೆಯ ಗಡಿಯಾರ ಇದೆ, ಅದನ್ನು ನೋಡುವ ಅವಳ ಮುಖ ಇದೆ, ಹೊರಡು ಎಂಬ ಮಾತಿದೆ. ತಟ್ಟೆಗಳಿಲ್ಲ. ಆದರೆ ನನ್ನ ತಲೆಯಲ್ಲಿ ಇಪ್ಪತ್ತೈದು ವರ್ಷಗಳ ಹಿಂದಿನ ನೀರಿನ ಮೇಲೆ ರೋ-ರೋ ಕೂಡ ಇದೆ. ಎಲ್ಲಿಂದಲೂ ಊಟಕ್ಕೆ ಮೊದಲೇ ಎದ್ದು ಹೋಗುವವನು ಯಾರು ಎಂದು ನಮ್ಮನ್ನು ಬಲ್ಲ ಯಾರನ್ನಾದರೂ ಕೇಳಿದರೆ ನನ್ನ ಹೆಸರನ್ನೇ ಹೇಳುತ್ತಾರೆ. ಬರೆದದ್ದನ್ನು ತಿದ್ದಲೇ ಎಂದು ಅಕ್ಕನನ್ನು ಕೇಳಿದೆ.

“ಇರ್ಲಿ ಬಿಡು. ನಿನ್ನದು ನಿನ್ನ ಹಾಗೆ ಇರ್ಲಿ, ನನ್ನದೂ ಕೆಳಗೆ ಬರಿ,” ಎಂದಳು. ಮದುವೆ ಜನವರಿಯ ಎರಡನೆಯ ಶನಿವಾರ, ಬೆಳಿಗ್ಗೆ ಹತ್ತೂವರೆಗೆ, ಇಪ್ಪತ್ತೇ ಜನ. ಊಟ ಮನೆಯಲ್ಲೇ ಅಂತೆ.

“ಸಂಜೆ ಆರರ ನಂತರದ ರೈಲಿಗೆ ಟಿಕೆಟ್ ಮಾಡು,” ಎಂದಳು. “ಅದಕ್ಕಿಂತ ಮೊದಲಿನದ್ದು ಮಾಡ್ಬೇಡ.”

ಮಾಡಿದ್ದೇನೆ. ಆರೂ ಹತ್ತರದು.